ಬೆಳ್ಳಿ ಕರಡಿಗೆಯ ನೆರಳು

ಎಕ್ಸ್‌ರೇ ತೆಗೆಯುವವನು ಫೋಟೋ ತೆಗೆಯುವವನಲ್ಲ. ಮೂವತ್ನಾಲ್ಕು ವರ್ಷ ಈ ಮಾತನ್ನು ಹೇಳುತ್ತ ಬಂದೆ, ಒಪ್ಪಿದವರು ಕಡಿಮೆ. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದ ಆಡಳಿತಾಧಿಕಾರಿ ಕೂಡ “ನಮ್ಮ ಫೋಟೋವಾಲೇ ಮಾಣಿಕರಾವ್” ಎಂದೇ ಭಾಷಣ ಆರಂಭಿಸಿದರು. ಸಭೆ ನಕ್ಕಿತು. ನಾನು ಆ ಶಾಲನ್ನು ನಾಲ್ಕು ಮಡಿಕೆ ಮಾಡಿ, ಕುಳಿತ ಕುರ್ಚಿಯ ಮೇಲೆಯೇ ಇಟ್ಟು ಮನೆಗೆ ಬಂದೆ. ಮರೆತು ಬಂದಿರಬೇಕೆಂದು ಮರುದಿನವಾದರೂ ಯಾರೂ ತಂದುಕೊಡಲಿಲ್ಲ. ಇದನ್ನೂ ನಾನು ಮರೆತಿಲ್ಲ.

ಈಗ ಜಹೀರಾಬಾದಿನ ನನ್ನ ಮನೆಗೆ, ಇದೇ ಕೆಲಸಕ್ಕೆ ಸೇರುತ್ತಿರುವ ಕೆಲವರು ಬರುತ್ತಾರೆ. ಯಾವ ಯಂತ್ರಕ್ಕೆ ಎಷ್ಟು ವೋಲ್ಟೇಜು, ಯಾವ ಎಲುಬಿಗೆ ಎಷ್ಟು ದೂರ ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡಬೇಕೆಂದು ಈಗ ಕುಳಿತಿದ್ದೇನೆ. ನನ್ನ ಬಡ್ತಿಗಳ ಕಥೆ ಇಲ್ಲಿಲ್ಲ. ಬಂದ ಎರಡೂ ತಡವಾಗಿ ಬಂದವು, ಅಷ್ಟು ಸಾಕು. ನಾನು ಹೇಳಬೇಕಾದದ್ದು ನೀಲಮ್ಮ ಎಂಬ ಒಬ್ಬ ಹೆಂಗಸಿನ ಎದೆಯ ಒಂದು ಫಿಲ್ಮಿನ ಬಗ್ಗೆ. ಅದರಲ್ಲಿ ಒಂದು ಜಾಗ ಕಾಣಲಿಲ್ಲ. ಕಾಣದೆ ಹೋದದ್ದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿಗೆ ಮುಟ್ಟುವ ಮೊದಲು ತಾಂಡೂರಿನ ಒಂದು ಬಾಗಿಲಿನ ವಿಷಯವನ್ನೂ ಒಂದು ಮುಳ್ಳಿನ ವಿಷಯವನ್ನೂ ಹೇಳಬೇಕು. ಅವೆರಡು ನಡೆಯದಿದ್ದರೆ ಮೂರನೆಯದೂ ನಡೆಯುತ್ತಿರಲಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಾನು ಕೆಲಸ ಮಾಡಿದ್ದು ಒಂದು ಧರ್ಮಸಂಸ್ಥೆಯ ಆಸ್ಪತ್ರೆಗಳಲ್ಲಿ. ತಾಂಡೂರು, ನಾರಾಯಣಖೇಡ, ಜಹೀರಾಬಾದು, ಮೂರೂ ಕಡೆ ಅದಕ್ಕೆ ಸಣ್ಣ ಸಣ್ಣ ಆಸ್ಪತ್ರೆಗಳಿದ್ದವು. ಸಂಸ್ಥೆ ಈಗಿಲ್ಲ, ಹೆಸರು ಬರೆದು ಪ್ರಯೋಜನವಿಲ್ಲ. ಮೂರಕ್ಕೂ ಒಬ್ಬರೇ ಮುಖ್ಯ ವೈದ್ಯರು. ವಾರದಲ್ಲಿ ಎರಡೆರಡು ದಿನ ಒಂದೊಂದು ಊರಿಗೆ ಜೀಪಿನಲ್ಲಿ ಬರುತ್ತಿದ್ದರು. ಅವರನ್ನು ಎಲ್ಲರೂ ಡಾಕ್ಟರ್ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಬೀದರಿನಲ್ಲಿ ಬೆಳೆದವರಾದ್ದರಿಂದ ನಮ್ಮದೇ ಮಾತು ಆಡುತ್ತಿದ್ದರು. ರೋಗಿಗಳ ಮುಂದೆ ನನಗೆ ಫೋಟೋವಾಲೇ ಎಂಬ ಹೆಸರಿಟ್ಟವರು ಅವರೇ. ಅವರ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಒಮ್ಮೆಯೂ ಆದರದಿಂದ ಕೂಡು ಎನ್ನಲಿಲ್ಲ.

ಮೊದಲು ಕೆಲಸದ ತಿರುಳು. ಮೊಬೈಲಿಗೆ ಬರುವ ತರಂಗ, ಕಣ್ಣಿಗೆ ಕಾಣುವ ಬೆಳಕು, ನಮ್ಮ ಎಕ್ಸ್‌ರೇ, ಇವೆಲ್ಲ ಒಂದೇ ವಂಶದವು. ಆದರೆ ಒಂದೊಂದಕ್ಕೆ ಒಂದೊಂದು ವಸ್ತು ದಾರಿ ಬಿಡುತ್ತದೆ, ಒಂದೊಂದು ಅಡ್ಡ ನಿಲ್ಲುತ್ತದೆ. ಮೊಬೈಲಿನ ತರಂಗ ಇಟ್ಟಿಗೆಯ ಗೋಡೆ ದಾಟಿ ಒಳಗೆ ಬರುತ್ತದೆ, ನಾಲ್ಕೂ ಕಡೆ ತಗಡು ಮುಚ್ಚಿದ ಗೋದಾಮಿನಲ್ಲಿ ಸೋಲುತ್ತದೆ. ಬಿಸಿಲು ಗಾಜನ್ನು ದಾಟುತ್ತದೆ, ಅಂಗೈಯನ್ನು ದಾಟುವುದಿಲ್ಲ. ಎಕ್ಸ್‌ರೇ ಅಂಗೈಯ ಮಾಂಸವನ್ನು ದಾಟುತ್ತದೆ, ಎಲುಬಿನಲ್ಲಿ ಅರ್ಧಮರ್ಧ ನಿಲ್ಲುತ್ತದೆ, ಬೆಳ್ಳಿಯಲ್ಲಿ ಸೀಸದಲ್ಲಿ ಪೂರ್ತಿ ನಿಲ್ಲುತ್ತದೆ. ಕಿರಣ ದಾಟಿ ಬಂದ ಕಡೆ ಫಿಲ್ಮು ಕಪ್ಪಾಗುತ್ತದೆ. ತಡೆದು ನಿಂತ ಕಡೆ ಬಿಳಿಯಾಗಿ ಉಳಿಯುತ್ತದೆ. ಗಾಳಿ ತುಂಬಿದ ಪುಪ್ಪುಸ ಕಪ್ಪು, ಪಕ್ಕೆಲುಬು ಬಿಳಿ. ಅಂದರೆ ನಮ್ಮ ಕಸುಬಿನಲ್ಲಿ ನೆರಳು ಬಿಳಿಯ ಬಣ್ಣದ್ದು. ಫೋಟೋದಲ್ಲಿ ವಸ್ತು ಕಾಣುತ್ತದೆ, ಎಕ್ಸ್‌ರೇಯಲ್ಲಿ ಅಡ್ಡಿ ಕಾಣುತ್ತದೆ. ಇಷ್ಟು ತಿಳಿದವನು ನನ್ನನ್ನು ಫೋಟೋವಾಲಾ ಎನ್ನಲಾರ.

ನನ್ನ ಮೊದಲ ನೇಮಕ ತಾಂಡೂರಿಗೆ. ಅಲ್ಲಿ ಕಲ್ಲಿಗೆ ಬರವಿಲ್ಲ; ಎಕ್ಸ್‌ರೇ ಕೋಣೆಯ ಗೋಡೆಗಳನ್ನು ಒಂದು ಮೊಳ ದಪ್ಪದ ಕಲ್ಲಿನಲ್ಲಿ ಕಟ್ಟಿದ್ದರು. ಗೋಡೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿದ್ದದ್ದು ಬಾಗಿಲಿನ ಬಗ್ಗೆ. ಎಕ್ಸ್‌ರೇ ಕೋಣೆಯ ಬಾಗಿಲಿನಲ್ಲಿ ಎರಡು ಹಲಗೆಗಳ ನಡುವೆ ಸೀಸದ ಹಾಳೆ ಇರಬೇಕು, ಇಲ್ಲದಿದ್ದರೆ ಕಿರಣ ಹೊರಗೆ ಬರುತ್ತದೆ. ನಮ್ಮ ಬಾಗಿಲಿಗೆ ಬೂದು ಬಣ್ಣ ಬಳಿದು, ಮೇಲೆ ಎಚ್ಚರಿಕೆಯ ಗುರುತನ್ನೂ ಬರೆದಿದ್ದರು. ಆದರೆ ಸೇರಿದ ಮೂರನೆಯ ದಿನವೇ ನನಗೆ ಅನುಮಾನ ಬಂತು. ಸೀಸವಿದ್ದ ಬಾಗಿಲು ಕಿರುಬೆರಳಿಗೆ ತೆರೆದುಕೊಳ್ಳುವುದಿಲ್ಲ. ಇದು ತೆರೆದುಕೊಳ್ಳುತ್ತಿತ್ತು.

ಬಾಗಿಲಿನ ಹೊರಗೆ, ಅದಕ್ಕೆ ಒತ್ತಿಕೊಂಡು, ಸರದಿ ಕಾಯುವವರ ಬೆಂಚಿತ್ತು. ಕೈಮುರಿದವರ ಜೊತೆ ಬಂದ ಬಸುರಿಯರೂ ಎಳೆ ಮಕ್ಕಳ ತಾಯಂದಿರೂ ಅಲ್ಲೇ ಕೂಡುತ್ತಿದ್ದರು. ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ, ಫಿಲ್ಮು ತುಂಬಿದ ಕ್ಯಾಸೆಟ್ಟೊಂದನ್ನು ಆ ಬೆಂಚಿನ ಮೇಲೆ ಬಾಗಿಲಿಗೆ ಆನಿಸಿ ನಿಲ್ಲಿಸಿದೆ. ಅದರ ಮೇಲೆ ನನ್ನ ಮನೆಯ ಬೀಗದ ಕೈಯನ್ನು ಪಟ್ಟಿಯಿಂದ ಅಂಟಿಸಿದೆ. ಒಳಗೆ ಹೋಗಿ, ಬಾಗಿಲು ಮುಚ್ಚಿ, ಯಂತ್ರದ ಮುಖವನ್ನು ಬಾಗಿಲ ಕಡೆ ತಿರುಗಿಸಿ ಒಂದು ಎಕ್ಸ್‌ಪೋಜರ್ ಕೊಟ್ಟೆ. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಫಿಲ್ಮನ್ನು ದ್ರಾವಣದಿಂದ ಎತ್ತಿದಾಗ, ಬೀಗದ ಕೈ ಹಲ್ಲು ಹಲ್ಲೂ ಎಣಿಸುವಂತೆ ಮೂಡಿ ಬಂದಿತ್ತು. ಬಾಗಿಲಿನ ಮೊಳೆಗಳೂ ಬಂದಿದ್ದವು. ಬಾರದೆ ಇದ್ದದ್ದು ಸೀಸದ ಹಾಳೆ ಒಂದೇ. ಅದು ಇದ್ದರಲ್ಲವೇ ಬರುವುದು.

ಫಿಲ್ಮು ಒಣಗುವ ಮೊದಲೇ ಡಾಕ್ಟರ್ ಸಾಹೇಬರ ಕೋಣೆಗೆ ಒಯ್ದೆ. ಅಲ್ಲಿ ಔಷಧ ಕಂಪನಿಯ ಇಬ್ಬರು ಕುಳಿತು ಚಹಾ ಕುಡಿಯುತ್ತಿದ್ದರು. ಸಾಹೇಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದೇನು ಮಿಯಾ? ಚಾವಿಗಿ ಕೆಮ್ಮು ಬಂದಿತ್ತೇನು? ಔಷಧ ಬರ್ದು ಕೊಡ್ಲಿ?”

ಇಬ್ಬರೂ ನಕ್ಕರು. ಒಬ್ಬನ ಮೂಗಿಗೆ ಚಹಾ ಏರಿ ಕೆಮ್ಮು ಅವನಿಗೇ ಬಂತು.

“ಸಾಹೇಬ್ರ, ಬಾಗಿಲದಾಗ ಸೀಸ ಇಲ್ರಿ. ಹೊರಗ ಬೆಂಚಿನ ಮ್ಯಾಲ ಮಂದಿ ಕೂಡ್ತಾರ. ದಿನಾ ಅವರ ಮೈಮ್ಯಾಲ ಕಿರಣ ಬೀಳ್ತಾವ.”

“ಬಾಗಿಲ ಮಾಡ್ದಾವ ಹುಚ್ಚ, ನೀ ಒಬ್ಬ ಶಾಣ್ಯಾ. ರೋಗಿ ಇಲ್ಲದ ಫಿಲ್ಮ್ ಹಾಳ್ ಮಾಡಾಕ ನಿನಗ ಯಾರು ಹೇಳ್ಯಾರ?”

ಮರುದಿನ ನನ್ನ ಮೇಜಿನ ಮೇಲೆ ಮೆಮೊ ಬಂದಿತ್ತು. ರೋಗಿಯಿಲ್ಲದೆ ಫಿಲ್ಮು ವ್ಯರ್ಥಗೊಳಿಸಿದ್ದಕ್ಕೆ ವಿವರಣೆ ಕೊಡಬೇಕು. ಅದರ ಕೆಳಗೆ ಒಂದು ಹೊಸ ನಿಯಮ: ಇನ್ನು ಮುಂದೆ ಮೂರೂ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಗೆ ಎರಡನೆಯ ಫಿಲ್ಮು ತೆಗೆಯಬೇಕಾದರೆ ಮೊದಲೇ ಕಾರಣ ಬರೆದು ಡಾಕ್ಟರ್ ಸಾಹೇಬರ ಸಹಿ ಪಡೆಯತಕ್ಕದ್ದು. ನಾನು ಬೆಂಚನ್ನು ನನ್ನ ಕೈಯಿಂದಲೇ ಎಳೆದು ಕಲ್ಲಿನ ಗೋಡೆಯ ಹಿಂದಕ್ಕೆ ಹಾಕಿದೆ. ಅದಕ್ಕೆ ಯಾರೂ ಮೆಮೊ ಕೊಡಲಿಲ್ಲ.

ಎರಡನೆಯದು ಮುಳ್ಳಿನ ವಿಷಯ. ಪೆದ್ದೆಮುಲ್ ಕಡೆಯ ಒಬ್ಬ ರೈತ ಪಾದ ಊದಿಕೊಂಡು ಬಂದ. ಹೊಲದಲ್ಲಿ ಜಾಲಿಮುಳ್ಳು ನೆಟ್ಟಿತ್ತು, ಅರ್ಧ ಒಳಗೇ ಮುರಿದಿದೆ ಎಂದ. ಫಿಲ್ಮು ತೆಗೆದೆ. ಎಲುಬುಗಳೆಲ್ಲ ಚೆನ್ನಾಗಿ ಬಂದವು, ಮುಳ್ಳು ಬರಲಿಲ್ಲ. ಬರುವುದೂ ಇಲ್ಲ, ಮುಳ್ಳು ಕಟ್ಟಿಗೆಯ ಜಾತಿ, ಮಾಂಸವನ್ನು ದಾಟಿದ ಕಿರಣ ಅದನ್ನೂ ದಾಟುತ್ತದೆ. ಗಾಜಿನ ಚೂರಾಗಿದ್ದರೆ ಕಂಡೀತು, ತಂತಿಯ ತುಂಡಂತೂ ಕಂಡೇ ಕಾಣುತ್ತದೆ. ಡಾಕ್ಟರ್ ಸಾಹೇಬರು ಫಿಲ್ಮು ನೋಡಿ, “ಏನೂ ಇಲ್ಲ, ಹೋಗು” ಎಂದರು.

ನಾನು ತಡೆಯಲಾರದೆ ಹೇಳಿದೆ, “ಸಾಹೇಬ್ರ, ಮುಳ್ಳು ಫಿಲ್ಮಿನಾಗ ಕಾಣಂಗಿಲ್ರಿ. ಕಾಣ್ಲಿಲ್ಲ ಅಂದ್ರ ಇಲ್ಲ ಅಂತ ಅಲ್ರಿ.”

ಅವರು ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿ ಹತ್ತು ಮಂದಿ ನಿಂತಿದ್ದರು.

“ಫೋಟೋವಾಲೇ, ತಗ್ಯಾದು ನಿನ್ನ ಕೆಲಸ. ಓದಾದು ನನ್ನ ಕೆಲಸ. ಅದಲಿ ಬದಲಿ ಮಾಡ್ಕೊಳ್ಳಾಣೇನು? ಬಾ, ಈ ಕುರ್ಚಿ ಮ್ಯಾಲ ಕೂಡು.”

ಹನ್ನೊಂದು ವರ್ಷದಲ್ಲಿ ಅವರು ನನಗೆ ಕುರ್ಚಿ ತೋರಿಸಿದ್ದು ಅದೊಂದೇ ಸಲ, ಅದೂ ಹೀಗೆ. ಮೂರು ವಾರದ ನಂತರ ಅದೇ ರೈತನ ಪಾದದ ಕೀವು ಒಡೆದು, ಪಟ್ಟಿ ಕಟ್ಟುವವನ ಚಿಮಟಕ್ಕೆ ಮುಳ್ಳು ಸಿಕ್ಕಿತು. ಅದನ್ನು ನನಗೆ ತೋರಿಸಿದ, ಸಾಹೇಬರಿಗೆ ತೋರಿಸಲಿಲ್ಲ. ಓದುವ ಕೆಲಸದಲ್ಲಿ ಇನ್ನು ಮುಂದೆ ಬಾಯಿ ಹಾಕುವುದಿಲ್ಲ ಎಂದು ನಾನು ಅಂದೇ ಪಣ ತೊಟ್ಟೆ. ಪಣ ತೊಟ್ಟದ್ದು ಮಾನಕ್ಕಾಗಿ. ಆಗ ಅದು ದೊಡ್ಡ ಮಾತೆಂದು ನನಗೆ ತೋರಿತ್ತು.

ಆ ವರ್ಷವೇ ನನ್ನನ್ನು ನಾರಾಯಣಖೇಡಕ್ಕೆ ಹಾಕಿದರು. ತಾಂಡೂರಿನ ಬಾಗಿಲಿಗೆ ಸೀಸ ಬಂದದ್ದು ನಾನು ಬಿಟ್ಟ ಮೇಲೆ.

ನಾರಾಯಣಖೇಡದ ಆಸ್ಪತ್ರೆ ಬಸ್ ನಿಲ್ದಾಣದ ಹತ್ತಿರವಿತ್ತು. ಸಂತೆಯ ದಿನ ತೊಗರಿ, ಹೆಸರು ಮಾರಲು ಬಂದವರು ಆ ಕೆಲಸ ಮುಗಿಸಿಕೊಂಡು, ಮನೆಯ ರೋಗವನ್ನೂ ತೋರಿಸಿ ಹೋಗುತ್ತಿದ್ದರು. ಅಂಥ ಒಂದು ದಿನ ಕಂಗ್ಟಿಯಿಂದ ನೀಲಮ್ಮ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಹಣೆಯ ತುಂಬ ವಿಭೂತಿ, ನೆಟ್ಟಗಿನ ನಿಲುವು, ಗಟ್ಟಿ ದನಿ. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ಕುಪ್ಪಸ ಸಡಿಲಾಗುವಷ್ಟು ಇಳಿದಿದ್ದಳು. ಜೊತೆಗೆ ಗಂಡ ಬಸಪ್ಪ. ಹೆಂಡತಿ ಮಾತಾಡುವಾಗ ನೆಲ ನೋಡುತ್ತ ನಿಲ್ಲುವ ಮನುಷ್ಯ. ಡಾಕ್ಟರ್ ಸಾಹೇಬರು ಎದೆಯ ಫಿಲ್ಮು ತರಲು ಬರೆದು ಕಳಿಸಿದ್ದರು.

ಸಂತೆಯ ದಿನ ನನಗೆ ಬಿಡುವಿರುವುದಿಲ್ಲ. ಬೆಳಗಿನಿಂದ ಒಬ್ಬೊಬ್ಬರಿಗೂ ಒಂದೇ ಮಾತು ಹೇಳುತ್ತ ಬಂದಿದ್ದೆ: ತಾಳಿ ತೆಗೀರಿ, ತಾಯತ ತೆಗೀರಿ, ಗುಂಡಿ ತೆಗೀರಿ. ನೀಲಮ್ಮನ ಕೊರಳಲ್ಲಿ ಶಿವದಾರವಿತ್ತು. ಅದರ ತುದಿಗೆ ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ. ಲಿಂಗ ಕಟ್ಟಿಕೊಂಡವರು ಉಸಿರಿರುವ ತನಕ ಅದನ್ನು ಮೈಯಿಂದ ಅಗಲಿಸುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಜಹೀರಾಬಾದಿನ ನಮ್ಮ ಓಣಿಯ ಅರ್ಧ ಮನೆಗಳು ಅವರವೇ. ಗೊತ್ತಿದ್ದೂ, ಬೆಳಗಿನಿಂದ ತಿರುಗುತ್ತಿದ್ದ ನಾಲಿಗೆ ತಿರುಗಿಯೇ ಬಿಟ್ಟಿತು.

“ಕರಡಿಗಿ ತೆಗೀರಿ.”

ನೀಲಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಬಾಗಿಲು ಅರ್ಧ ತೆರೆದೇ ಇತ್ತು.

“ಏನಂದಿ? ಲಿಂಗ ತೆಗೀಲಾ? ನಮ್ಮವ್ವ ಕಟ್ಟಿಸಿದ್ದು ನಿನ್ನಂಥಾವ ಬಿಚ್ಚಂದ್ರ ಬಿಚ್ಚಲಾಕಲ್ಲ.”

“ಬೆಳ್ಳಿ ಅದರಿ ಅದು. ಕಿರಣ ದಾಟಂಗಿಲ್ಲ. ಫಿಲ್ಮಿನಾಗ ಅಡ್ಡ ಬರ್ತದ.”

“ಬರ್ಲಿ. ಶಿವ ಅಡ್ಡ ಬಂದ್ರ ನಿನಗೇನು ತ್ರಾಸು? ಜೀವ ಹೋದ್ರ ಹೋಗ್ಲಿ, ಇದು ಮೈಮ್ಯಾಲಿಂದ ಇಳ್ಯಂಗಿಲ್ಲ. ನೋಡ್ರೆವ್ವಾ, ಫೋಟೋ ತಗ್ಯಾವಗ ಎಷ್ಟು ಗತ್ತು! ಕಲೆಕ್ಟರ್ ಇದ್ದಿದ್ರ ನಮ್ಮ ಚರ್ಮನ ಸುಲಸ್ತಿದ್ದ.”

ಹೊರಗಿನ ಬೆಂಚು ಕೇಕೆ ಹಾಕಿ ನಕ್ಕಿತು. ಬಸಪ್ಪ ಮೆಲ್ಲಗೆ, “ಇರ್ಲಿ ಬಿಡು, ಅವರ ಕೆಲಸ ಅವರು ಮಾಡ್ಲಿ,” ಎಂದ. ಯಾರು ನಕ್ಕರೂ ನಾನು ಸಹಿಸಬಹುದಿತ್ತು. ಆದರೆ ಡಾಕ್ಟರ್ ಸಾಹೇಬರು ಹೊಲಿದು ತೊಡಿಸಿದ ಆ ಹೆಸರು, ಕಂಗ್ಟಿಯಿಂದ ಮೊದಲ ಸಲ ಬಂದ ಹೆಂಗಸಿನ ಬಾಯಲ್ಲೂ ಬಂದಿತಲ್ಲ! ಬಾಗಿಲು ಎಳೆದು ಮುಚ್ಚಿದೆ. ಅದುವರೆಗೆ ರೀ ಎನ್ನುತ್ತಿದ್ದವನು ರೀ ಬಿಟ್ಟೆ.

“ಆತು. ಹಂಗೇ ನಿಲ್ಲು.”

ಅವಳು ಕ್ಯಾಸೆಟ್ಟಿನ ಚೌಕಟ್ಟಿಗೆ ಎದೆ ಕೊಟ್ಟು ನಿಂತಳು. ನಿಲ್ಲುವ ಮೊದಲು ತಾನೇ ಕರಡಿಗೆಯನ್ನು ಎದೆಯ ನಡುವಿನಿಂದ ಎತ್ತಿ, ಬಲ ಕೊರಳೆಲುಬಿನ ಕೆಳಗೆ ಕುಪ್ಪಸದೊಳಗೆ ಸಿಕ್ಕಿಸಿದಳು. “ಇಲ್ಲಿದ್ರ ನಡು ಎದಿ ಸಾಫ್ ಬರ್ತದ, ತಗೋ,” ಎಂದಳು. ನನಗೆ ಸಹಾಯ ಮಾಡಿದೆನೆಂದೇ ಅವಳು ತಿಳಿದಿದ್ದಳು.

ಕಿರಿಯರು ಇಲ್ಲಿ ನಿಲ್ಲಬೇಕು. ಕ್ಷಯ ದೊಡ್ಡವರ ಪುಪ್ಪುಸದಲ್ಲಿ ಹೆಚ್ಚಾಗಿ ಗೂಡು ಕಟ್ಟುವುದು ಮೇಲ್ಭಾಗದಲ್ಲಿ, ಕೊರಳೆಲುಬಿನ ಹಿಂದೆ ಮತ್ತು ಕೆಳಗೆ. ಇದು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಕಲಿಯುವ ಪಾಠ. ಎರಡು ತಿಂಗಳ ಕೆಮ್ಮು, ಸಂಜೆಯ ಜ್ವರ, ಇಳಿದ ಮೈ. ಕರಡಿಗೆ ಎಲ್ಲಿ ಕುಳಿತಿದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಹತ್ತು ಹೆಜ್ಜೆ ಹೋಗಿ “ಅಮ್ಮ, ಅಲ್ಲಿ ಬ್ಯಾಡ” ಎನ್ನಬೇಕಿತ್ತು. ನಾನು ಗುಂಡಿ ಒತ್ತಿದೆ.

ಫಿಲ್ಮು ಬಂತು. ಬಲಗಡೆ ಮೇಲೆ ಕರಡಿಗೆ ಚೊಕ್ಕ ಬಿಳಿಯ ಮೊಟ್ಟೆಯಾಗಿ ಕುಳಿತಿತ್ತು. ಉಳಿದ ಎದೆಯಲ್ಲಿ ದೋಷವಿರಲಿಲ್ಲ. ಸರಿಯಾದ ಕ್ರಮವೆಂದರೆ ಕರಡಿಗೆಯನ್ನು ಎಡಕ್ಕೆ ಸರಿಸಿ ಇನ್ನೊಂದು ಫಿಲ್ಮು ತೆಗೆಯುವುದು. ಒಂದು ಮುಚ್ಚಿದ್ದನ್ನು ಇನ್ನೊಂದು ತೋರಿಸುತ್ತದೆ. ಆದರೆ ಎರಡನೆಯ ಫಿಲ್ಮಿಗೆ ಸಹಿ ಬೇಕು. ಸಹಿಗೆ ಆ ಕೋಣೆಯಲ್ಲಿ ನಿಲ್ಲಬೇಕು. ನಿಂತರೆ ಇನ್ನೊಂದು ನಗೆ. ನಾನು ಲಕೋಟೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಬಲ ಮೇಲ್ಭಾಗ ಲೋಹದ ನೆರಳು’ ಎಂದು ಬರೆದೆ. ನನ್ನ ಮೇಲೆ ತಪ್ಪು ಬರಬಾರದೆಂದು ಬರೆದೆ. ನೀಲಮ್ಮನಿಗಾಗಿ ಬರೆದದ್ದಲ್ಲ.

ಡಾಕ್ಟರ್ ಸಾಹೇಬರು ಎಂದಿನಂತೆ ಲಕೋಟೆಯನ್ನು ನನ್ನ ಕೈಯಲ್ಲೇ ಬಿಟ್ಟು, ಫಿಲ್ಮನ್ನು ಮಾತ್ರ ಎಳೆದು ಕಿಟಕಿಗೆ ಹಿಡಿದರು.

“ಇದು ಲಿಂಗದ ಕರಡಿಗಿ. ಉಳಿದದ್ದು ಸಾಫ್ ಅದ. ಹವಾ ಕೆಟ್ಟಾದ, ಅದಕ್ಕ ಕೆಮ್ಮು.”

ಫಿಲ್ಮು ಸಾಫ್ ಎಂದ ಮೇಲೆ ಕಫದ ಪರೀಕ್ಷೆಯನ್ನೂ ಬರೆಯಲಿಲ್ಲ. ನಾನು ಅಲ್ಲಿಯೇ ನಿಂತಿದ್ದೆ. ಕೈಯಲ್ಲಿ ಲಕೋಟೆಯಿತ್ತು, ಲಕೋಟೆಯ ಮೇಲೆ ಮಾತಿತ್ತು. ಕಿವಿಯಲ್ಲಿ ಮುಳ್ಳಿನ ದಿನದ ಮಾತಿತ್ತು: ತಗ್ಯಾದು ನಿನ್ನ ಕೆಲಸ, ಓದಾದು ನನ್ನ ಕೆಲಸ. ನಾನು ಫಿಲ್ಮನ್ನು ಲಕೋಟೆಗೆ ಹಾಕಿ ಬಸಪ್ಪನ ಕೈಗೆ ಕೊಟ್ಟೆ. ನೀಲಮ್ಮ ಹೋಗುತ್ತ, “ಫೋಟೋ ಚಂದ ಬಂದಾದಂತ, ಸಾಹೇಬ್ರು ಅಂದ್ರು,” ಎಂದು ನಗುತ್ತ ಹೇಳಿದಳು. ನಾನು ನನ್ನ ಕೋಣೆಗೆ ಹೋಗಿ ಮುಂದಿನವರ ಹೆಸರು ಕೂಗಿದೆ.

ಐದು ತಿಂಗಳಾದವು. ಒಂದು ಬೆಳಿಗ್ಗೆ ಬಸಪ್ಪ ಒಬ್ಬನೇ ಬಂದ. ಬಗಲಲ್ಲಿ ಎರಡು ಲಕೋಟೆ, ಕೈಯಲ್ಲಿ ಬೀದರಿನ ಆಸ್ಪತ್ರೆಯ ಚೀಟಿ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಿದೆಯಾದ್ದರಿಂದ ಉಳಿದವರ ಎದೆಯ ಎಕ್ಸ್‌ರೇ ಆಗಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಚೀಟಿ ಓದಿ ತಲೆಯೆತ್ತಿದೆ.

“ಮನ್ಯಾಗ ಯಾರಿಗರಿ?”

“ನೀಲವ್ವಗರಿ. ಆಕಿ ಹೋಗ್ಯಾಳರಿ. ಹದಿನೆಂಟು ದಿನ ಆತು.”

ನಾನು ಕ್ಯಾಸೆಟ್ಟು ತರುವ ನೆಪದಲ್ಲಿ ಡಾರ್ಕ್‌ರೂಮಿಗೆ ಹೋದೆ. ಕ್ಯಾಸೆಟ್ಟು ಹೊರಗೆ ಮೇಜಿನ ಮೇಲೆಯೇ ಇತ್ತು.

ತಿರುಗಿ ಬಂದಾಗ ಬಸಪ್ಪ ಅಂಗಿ ಕಳಚಿ ನಿಂತಿದ್ದ. ಅವನ ಎದೆಯ ಮೇಲೂ ಬೆಳ್ಳಿಯ ಕರಡಿಗೆ. ಏನು ಹೇಳಬೇಕೆಂದು ನಾನು ಮಾತು ಹುಡುಕುತ್ತಿರುವಾಗಲೇ ಅವನು ಕರಡಿಗೆಯ ಮುಚ್ಚಳ ತೆಗೆದ. ಬಟ್ಟೆ ಬಿಡಿಸಿದ. ಕಪ್ಪನೆಯ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡ. ಬರಿದಾದ ಕರಡಿಗೆಯನ್ನು ದಾರ ಸಹಿತ ಕೊರಳಿಂದ ತೆಗೆದು ನನ್ನ ಮೇಜಿನ ಮೇಲಿಟ್ಟ. ಚೌಕಟ್ಟಿಗೆ ಎದೆ ಕೊಟ್ಟು, ಎಡತೋಳನ್ನು ಬದಿಗೆ ಉದ್ದಕ್ಕೆ ಚಾಚಿ, ಅಂಗೈಯನ್ನು ಮೇಲ್ಮುಖವಾಗಿ ಹಿಡಿದ. ದಿನವೂ ಪೂಜೆಗೆ ಕುಳಿತಾಗ ಲಿಂಗವನ್ನು ಹಿಡಿಯುವುದು ಅದೇ ಅಂಗೈಯಲ್ಲಿ. ಲಿಂಗ ಮೈ ಬಿಟ್ಟಿರಲಿಲ್ಲ. ಎದೆಯ ಮೇಲೆ ಒಂದು ಎಳೆಯೂ ಇರಲಿಲ್ಲ.

“ಹಿಂಗ ಹಿಡದ್ರ ನಡೀತದಲ್ರಿ?”

“ಇದು ನಿಮಗ ಯಾರು ಹೇಳ್ಯಾರ?” ಎಂದೆ. 

“ಬೀದರ್‌ದಾಗ ಫಿಲ್ಮ್ ತಗ್ಯಾ ಹೆಣ್ಮಗಳು ಕೇಳಿದ್ಲರಿ, ಅವ್ವಾ ಪೂಜಾದಾಗ ಹೆಂಗ ಹಿಡೀತಿ ಅಂತ. ನೀಲವ್ವ ಕೈಯಾಗ ಹಿಡ್ದು ತೋರಿಸಿದ್ಲು. ಹಂಗೇ ನಿಲ್ಲು ಅಂದ್ಲು. ಅಷ್ಟರಿ.”

ಅಷ್ಟೇ. ಹೊಸ ಯಂತ್ರ ಬೇಕಿರಲಿಲ್ಲ, ಎರಡನೆಯ ಫಿಲ್ಮು ಬೇಕಿರಲಿಲ್ಲ, ಯಾರ ಸಹಿಯೂ ಬೇಕಿರಲಿಲ್ಲ. ನಮ್ಮ ಓಣಿಯಲ್ಲಿ ಹುಟ್ಟಿದಾಗಿನಿಂದ ನಾನು ನೋಡುತ್ತ ಬಂದ ಒಂದು ಭಂಗಿ. ಕಟ್ಟೆಯ ಮೇಲೆ ಕುಳಿತ ಪಕ್ಕದ ಮನೆಯ ಅಜ್ಜಿ ಬೆಳಗಾದರೆ ಹಾಗೆಯೇ ಕೈ ಚಾಚಿರುತ್ತಿದ್ದಳು. ತೆಗೀರಿ ಎಂದೆನೇ ಹೊರತು, ಹೇಗೆ ಹಿಡೀತೀರಿ ಎಂದು ಕೇಳಲಿಲ್ಲ.

ಬಸಪ್ಪ ಚೌಕಟ್ಟಿಗೆ ಮುಖ ಮಾಡಿ ನಿಂತೇ ಮಾತಾಡಿದ. ಅವನ ಬೆನ್ನು ನನ್ನ ಕಡೆಗಿತ್ತು.

“ಒಂದು ಮಾತು ಹೇಳಾದು ಅದರಿ. ಆಕೀನೇ ಹೇಳಿ ಕಳಿಸ್ಯಾಳ. ಖೇಡದಾಗ ಆ ಅಣ್ಣಗ ಮಂದ್ಯಾಗ ಹಂಗ ಅನ್ನಬಾರ್ದಿತ್ತು, ಅವ ಮನಸಿಗಿ ಹಚ್ಕೊಂಡ, ನಾ ನೋಡ್ದೆ, ಅಂದ್ಲು. ತಪ್ಪಾತು ಅಂತ ಹೇಳಂದ್ಲರಿ.”

ನನ್ನನ್ನು ಅವಮಾನಿಸಿದವರ ಹೆಸರು, ದಿನ, ಜಾಗ, ಆಡಿದ ಮಾತು, ಎಲ್ಲ ನನ್ನ ನೆನಪಿನಲ್ಲಿವೆ. ಈ ಉದ್ದದ ಬದುಕಿನಲ್ಲಿ ಅವರಲ್ಲಿ ತಪ್ಪಾಯಿತು ಎಂದವಳು ಒಬ್ಬಳೇ. ಆ ಮಾತು ನನಗೆ ಮುಟ್ಟುವ ಹೊತ್ತಿಗೆ ಅವಳು ಬದುಕಿರಲಿಲ್ಲ. ತಪ್ಪು ನನ್ನದೆಂದು ನಾನು ಉತ್ತರ ಕೊಡಬೇಕಿತ್ತು. ಬಸಪ್ಪ ಕೈ ಚಾಚಿ ಕಾಯುತ್ತಿದ್ದ. 

“ಉಸಿರು ಹಿಡೀರಿ,” ಎಂದೆ. ಗುಂಡಿ ಒತ್ತಿದೆ. “ಬಿಡ್ರಿ.”

ಅವನ ಪುಪ್ಪುಸಗಳು ಚೊಕ್ಕವಾಗಿದ್ದವು. ಹಾಗೆ ಹೇಳಿದೆ, ಓದುವ ಕೆಲಸ ನನ್ನದಲ್ಲವೆಂಬುದು ಅಂದು ನೆನಪಾಗಲಿಲ್ಲ. ಅವನು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕರಡಿಗೆಗೆ ಇಳಿಸಿದ. ಆಮೇಲೆ ಕಳಚಿಟ್ಟ ಅಂಗಿಯ ಜೊತೆಗಿದ್ದ ಎರಡು ಲಕೋಟೆಗಳನ್ನು ತಂದು ಮೇಜಿನ ಮೇಲಿಟ್ಟ. ಒಂದು ಬೀದರಿನದು. ಬೆಳಕಿನ ಪೆಟ್ಟಿಗೆಗೆ ಹಚ್ಚಿ ನೋಡಿದೆ. ಬಲ ಕೊರಳೆಲುಬಿನ ಕೆಳಗೆ ಒಂದು ಗುಳಿ, ದಪ್ಪ ಅಂಚಿನದು, ಹೆಚ್ಚು ಕಡಿಮೆ ಕರಡಿಗೆಯಷ್ಟೇ ಅಗಲ. ಅಷ್ಟು ಹೊತ್ತಿಗೆ ಎಡಗಡೆಗೂ ಹಬ್ಬಿತ್ತು. ಇನ್ನೊಂದು ಲಕೋಟೆ ನಮ್ಮದು. ಮೂಲೆಯಲ್ಲಿ ನನ್ನ ಸಣ್ಣ ಅಕ್ಷರ ಹಾಗೆಯೇ ಇತ್ತು.

ಐದು ತಿಂಗಳ ಹಿಂದೆ ಆ ಗುಳಿ ಅಲ್ಲಿತ್ತೋ ಇಲ್ಲವೋ ಯಾರೂ ಹೇಳಲಾರರು. ಇತ್ತೆಂದು ನನ್ನ ಮನಸ್ಸು ಹೇಳುತ್ತದೆ. ಇರಲಿಲ್ಲವೆಂದು ತೋರಿಸುವ ಫಿಲ್ಮು ನನ್ನ ಬಳಿ ಇಲ್ಲ. ಆ ಫಿಲ್ಮನ್ನು ನಾನೇ ತೆಗೆಯಲಿಲ್ಲ.

“ಇದು ಇಲ್ಲೇ ಇರ್ಲಿರಿ,” ಎಂದು ಬಸಪ್ಪ ನಮ್ಮ ಲಕೋಟೆಯನ್ನು ನನ್ನ ಕಡೆ ಸರಿಸಿದ. “ಬೀದರ್‌ದು ನಾ ಇಟ್ಕೊಂತೀನಿ. ಅದರಾಗ ಲಿಂಗ ಹಿಡ್ದಿದ್ ತೋಳು ಒಂದಿಷ್ಟು ಕಾಣ್ತದ.”

ಮಧ್ಯಾಹ್ನದ ಕಂಗ್ಟಿ ಬಸ್ಸಿಗೆ ಅವನು ಹೋದ. ನಾನು ಡಾಕ್ಟರ್ ಸಾಹೇಬರ ಕೋಣೆಗೆ ಆ ಎರಡು ಫಿಲ್ಮುಗಳ ವಿಷಯ ಹೇಳಲು ಹೋದೆ. ಅವರು ಕೇಳಿ, ಲಕೋಟೆಯ ಮೂಲೆಯ ಬರಹ ಓದಿ, “ಲಕೋಟಿ ಮ್ಯಾಲ ಬರ್ದಿದ್ದಿ, ಬಾಯಿಲೆ ಯಾಕ ಹೇಳ್ಲಿಲ್ಲ?” ಎಂದು ಕೇಳಿದರು. ಫೋಟೋವಾಲೇ ಎನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಅವರು ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ನಿಮ್ಮಿಂದ ಎಂದು ಹೇಳಬೇಕೆಂದಿದ್ದೆ. ಬಾಗಿಲು, ಬೀಗದ ಕೈ, ಮುಳ್ಳು, ಮೆಮೊ, ಎಲ್ಲ ಬಾಯಿಪಾಠವಿತ್ತು. ಆದರೆ ಗುಂಡಿ ಒತ್ತುವ ಹೊತ್ತಿಗೆ ಅವರು ನನ್ನ ಕೋಣೆಯಲ್ಲಿ ಇರಲಿಲ್ಲ. ನಾನು ಲಕೋಟೆ ಎತ್ತಿಕೊಂಡು ಹೊರಗೆ ಬಂದೆ. ಆ ವಾರ, ಎರಡನೆಯ ಫಿಲ್ಮಿಗೆ ಸಹಿ ಬೇಕೆಂದು ಗೋಡೆಗೆ ಅಂಟಿಸಿದ್ದ ನಿಯಮದ ಕಾಗದ ಕಾಣೆಯಾಯಿತು. ಯಾರು ಕಿತ್ತರೋ ನಾನು ಕೇಳಲಿಲ್ಲ.

ಅಂದಿನಿಂದ ಕೊನೆಯ ದಿನದವರೆಗೆ, ನಾರಾಯಣಖೇಡದಲ್ಲಿ, ಆಮೇಲೆ ಜಹೀರಾಬಾದಿನಲ್ಲಿ, ಲಿಂಗ ಕಟ್ಟಿಕೊಂಡು ಬಂದ ಪ್ರತಿಯೊಬ್ಬರಿಗೂ ಪೂಜೆಯಲ್ಲಿ ಹೇಗೆ ಹಿಡಿಯುತ್ತೀರಿ ಎಂದು ಕೇಳಿದೆ. ಒಬ್ಬರೂ ಸಿಟ್ಟಾಗಲಿಲ್ಲ. ಕೆಲವರು ತೋರಿಸುವಾಗ ಕಣ್ಣು ಮುಚ್ಚಿದರು. ಅಂಥವರಿಗೆ ಉಸಿರು ಹಿಡಿಯಿರಿ ಎಂದು ಹೇಳುವುದೂ ಬೇಕಾಗಲಿಲ್ಲ. ಡಾರ್ಕ್‌ರೂಮು ಹೋಯಿತು, ದ್ರಾವಣದ ವಾಸನೆ ಹೋಯಿತು, ಕಂಪ್ಯೂಟರಿನ ಪರದೆಯ ಮೇಲೆ ಕಣ್ಣೆವೆ ಮುಚ್ಚುವುದರಲ್ಲಿ ಎದೆ ಬಂದು ನಿಂತಿತು. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯಿತು.

ಕಳೆದ ವಾರ ಅಂಬಿಕಾ ಎಂಬ ಹುಡುಗಿ ಬಂದಿದ್ದಳು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದೆಯಂತೆ. ಈವರೆಗೆ ಫಿಲ್ಮನ್ನು ಕೈಯಲ್ಲಿ ಹಿಡಿದವಳಲ್ಲ. ನಾನು ಲಕೋಟೆಯಿಂದ ನೀಲಮ್ಮನ ಫಿಲ್ಮು ತೆಗೆದು ಕೊಟ್ಟೆ. ಅವಳು ಅದನ್ನು ನಮ್ಮ ಕಿಟಕಿಯ ಬಿಸಿಲಿಗೆ ಹಿಡಿದಳು. ಕಿರಣ ದಾಟದ ಕಡೆ ಫಿಲ್ಮು ಗಾಜಿನಂತೆ ತಿಳಿಯಾಗಿ ಉಳಿದಿರುತ್ತದೆ. ಬಿಸಿಲಿಗೆ ಹಿಡಿದರೆ ಬೆಳಕೆಲ್ಲ ಅಲ್ಲಿಂದಲೇ ಒಳಗೆ ಬರುತ್ತದೆ.

“ಸರ್, ಇಲ್ಲಿ ನೋಡ್ರಿ,” ಎಂದು ಅವಳು ಆ ಬಿಳಿಯ ಮೊಟ್ಟೆಗೆ ಕಣ್ಣು ಹಚ್ಚಿದಳು. “ಇದರಾಗಿಂದ ಎಲ್ಲ ಸ್ವಚ್ಛ ಕಾಣ್ತದ. ನಿಮ್ಮ ಬೇವಿನ ಗಿಡ ಕಾಣ್ತದ, ಬಟ್ಟಿ ಒಣಹಾಕಿದ್ದ ಹಗ್ಗ ಕಾಣ್ತದ, ರಸ್ತಾ ಕಾಣ್ತದ.”

ಹೌದು. ಅಲ್ಲಿಂದ ಎಲ್ಲ ಕಾಣುತ್ತದೆ. ನೀಲಮ್ಮ ಒಬ್ಬಳನ್ನು ಬಿಟ್ಟು.